ಇಪ್ಪತ್ತಾರು ಇಂಚು ಅಂದ್ರೆ ಎಷ್ಟು? ಸೈಕಲ್ಲಿನ ಇಂಚು ಮತ್ತು ಮಿಲಿಮೀಟರ್ ಲೆಕ್ಕ

(ವೇದಿಕೆಯ ರಜಾ ದಿನದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಈ ಸಲ ನೀನು ಮಾತಾಡಬೇಕು, ನಿನಗೆ ಗೊತ್ತಿರೋದನ್ನೇ ಹೇಳು ಸಾಕು" ಅಂದರು. ನಾನು ಸರ್ಕಾರಿ ಐ.ಟಿ.ಐ.ನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತು ಬಂದವನು. ಅದಕ್ಕೂ ಮುಂಚೆ ಶಾಲೆ ರಜೆಯಲ್ಲೆಲ್ಲ ನಮ್ಮ ಚಿಕ್ಕಪ್ಪನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿ, ವೀಲ್ ಬೆಂಡ್ ತೆಗೆದು ಬೆಳೆದವನು. ಇಲ್ಲಿ ಶಾರ್ಜಾಕ್ಕೆ ಬಂದ ಮೇಲೂ ಕ್ಯಾಂಪಿನಲ್ಲಿ ಯಾರದಾದರೂ ಸೈಕಲ್ ಕೆಟ್ಟರೆ ರಜೆ ದಿನ ನನ್ನ ಹತ್ತಿರ ತರುತ್ತಾರೆ. ಹಾಗಾಗಿ ವೈರಿನ ವಿಷಯ ಬಿಟ್ಟು ಸೈಕಲ್ ವಿಷಯ ಹೇಳ್ತೀನಿ ಅಂದೆ. ಕೊನೆಗೆ ವೈರಿನ ಹತ್ತಿರವೂ ಬರ್ತೀನಿ, ಯಾಕಂದ್ರೆ ಎರಡರ ಕಥೆಯೂ ಒಂದೇ.

ನಮ್ಮಲ್ಲಿ ಎಷ್ಟೋ ಜನಕ್ಕೆ ಇಲ್ಲಿ ಸೈಕಲ್ ಅಂದ್ರೆ ಕಾಲಿದ್ದ ಹಾಗೆ. ಕ್ಯಾಂಪಿನಿಂದ ಗ್ರೋಸರಿಗೆ, ಗ್ರೋಸರಿಯಿಂದ ಬಸ್ ಸ್ಟಾಪಿಗೆ, ಸಂಜೆ ಇನ್ನೊಂದು ಪಾರ್ಟ್ ಟೈಮ್ ಕೆಲಸಕ್ಕೆ. ಕಾರು ಕೆಟ್ಟವನಿಗೆ ಟ್ಯಾಕ್ಸಿ ಇದೆ. ಸೈಕಲ್ ಕೆಟ್ಟವನಿಗೆ ನಲವತ್ತೈದು ಡಿಗ್ರಿ ಬಿಸಿಲಲ್ಲಿ ನಡಿಗೆಯೇ ಗತಿ. ಹಾಗಿರುವಾಗ ಅಂಗಡಿಗೆ ಹೋಗಿ ಇಪ್ಪತ್ತು ಮೂವತ್ತು ದಿರ್ಹಂ ಕೊಟ್ಟು ತಂದ ಸಾಮಾನು ಕೂರದೇ ಹೋದರೆ ಹೊಟ್ಟೆ ಉರಿಯುತ್ತೆ. ಯಾಕೆ ಕೂರಲ್ಲ ಅನ್ನೋದೇ ಇವತ್ತಿನ ನನ್ನ ಮಾತು.

ಮೊದಲು ಒಂದು ಸೈಕಲ್ಲನ್ನು ಅಳೆಯೋಣ. ಐ.ಟಿ.ಐ. ಓದಿದವರಿಗೆ ವರ್ನಿಯರ್ ಕ್ಯಾಲಿಪರ್ ನೆನಪಿರಬೇಕು. ಕೆಳಗಡೆ ಮಿಲಿಮೀಟರ್ ಗೆರೆ, ಮೇಲುಗಡೆ ಇಂಚಿನ ಗೆರೆ. ಅದನ್ನು ಹಿಡಿದು ಮಾಮೂಲಿ ಗೇರ್ ಸೈಕಲ್ಲಿನ ಸುತ್ತ ಒಂದು ಸುತ್ತು ಬನ್ನಿ.

ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಪೆಡಲ್ ಕೂರುವ ತೂತು 9/16 ಇಂಚು, ಥ್ರೆಡ್ ಇಂಚಿಗೆ 20. ಪೆಡಲ್ ತಿರುಗಿಸುವ ಪಾನ ಮಾತ್ರ 15 ಮಿ.ಮೀ.! ಸೀಟಿನ ಕೆಳಗಿನ ರಾಡು 27.2 ಮಿ.ಮೀ. ಹ್ಯಾಂಡಲ್ ಬಿಗಿಯೋಕೆ 5 ಮಿ.ಮೀ. ಅಥವಾ 6 ಮಿ.ಮೀ. ಎಲನ್ ಕೀ. ಆದರೆ ಆ ಹ್ಯಾಂಡಲ್ ತಿರುಗುವ ಕೊಳವೆಯ ಅಳತೆ 1 ಇಂಚು ಇಲ್ಲವೇ 1 1/8 ಇಂಚು. ಹಿಂದಿನ ಎಕ್ಸಲ್ 10 ಮಿ.ಮೀ., ಅದರ ಹಬ್ಬಿನೊಳಗಿನ ಗುಂಡುಗಳು ಕಾಲು ಇಂಚು. ಮುಂದಿನ ಹಬ್ಬಿನ ಗುಂಡುಗಳು 3/16 ಇಂಚು.

ಎಲ್ಲಕ್ಕಿಂತ ಮಜಾ ಅಂದರೆ ಪೆಡಲ್ ರಾಡುಗಳು ಸೇರುವ ನಡುವಿನ ಬಾಟಮ್ ಬ್ರ್ಯಾಕೆಟ್. ಆ ಡಬ್ಬಿಯ ಅಗಲ 68 ಮಿ.ಮೀ. ಅದರೊಳಗಿನ ಥ್ರೆಡ್ಡು 1.37 ಇಂಚು, ಇಂಚಿಗೆ 24. ಒಂದೇ ಡಬ್ಬಿ, ಅಗಲ ಒಂದು ಭಾಷೆ, ತೂತು ಇನ್ನೊಂದು ಭಾಷೆ. ಇಟಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಥ್ರೆಡ್ಡಿನ ದಪ್ಪ 36 ಮಿಲಿಮೀಟರ್, ಎಳೆ ಇಂಚಿಗೆ 24. ಒಂದೇ ಥ್ರೆಡ್ಡಿನಲ್ಲಿ ಅರ್ಧ ಮೆಟ್ರಿಕ್, ಅರ್ಧ ಇಂಚು. ನಾವು ಕನ್ನಡ, ಹಿಂದಿ, ಮಲಯಾಳಂ, ಅರಬ್ಬಿ ಸೇರಿಸಿ ಮಾತಾಡ್ತೀವಲ್ಲ, ಹಾಗೆ.

ಯಾಕೆ ಹೀಗೆ? ನಮ್ಮೂರಿನ ಸಂತೆಗೆ ಹೋಗಿ. ಹೂವು ಇವತ್ತಿಗೂ ಮೊಳದ ಲೆಕ್ಕ. ಮಾರುವ ಅಮ್ಮನ ಕೈ ಚಿಕ್ಕದಿದ್ದರೆ ಮೊಳವೂ ಚಿಕ್ಕದು. "ಅಮ್ಮಾ, ನನ್ನ ಕೈಲಿ ಅಳೆದು ಕೊಡು" ಅಂದರೆ ಬೈತಾಳೆ. ಸಂತೆಯಲ್ಲಿ ಯಾರು ಮಾರುತ್ತಾರೋ ಅವರ ಮೊಳವೇ ನಡೆಯೋದು. ಸೈಕಲ್ಲಿನ ಚರಿತ್ರೆಯೂ ಅಷ್ಟೇ.

ಇವತ್ತಿನ ಸೈಕಲ್ಲಿನ ಆಕಾರ ಬಂದಿದ್ದು ಇಂಗ್ಲೆಂಡಿನಲ್ಲಿ. ಹ್ಯಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೋಲರ್ ಚೈನ್ ಮಾಡಿದ. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲೆ ರೋವರ್ ಸೈಕಲ್ ತಂದ. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಗಾತ್ರ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟಯರ್ ತಂದ. ಬರ್ಮಿಂಗ್‌ಹ್ಯಾಮ್, ಕವೆಂಟ್ರಿ, ನಾಟಿಂಗ್‌ಹ್ಯಾಮ್ ಊರುಗಳ ಲೇತ್ ಮಷೀನುಗಳೆಲ್ಲ ಇಂಚಿನವು. ಬಿ.ಎಸ್.ಎ. ಅಂತ ನಾವು ಸೈಕಲ್ ಮೇಲೆ ಓದುತ್ತೀವಲ್ಲ, ಅದು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಂದೂಕು ಮಾಡುತ್ತಿದ್ದ ಕಂಪನಿ. ಈಗಲೂ 1.37 ಇಂಚಿನ ಆ ಥ್ರೆಡ್ಡಿಗೆ ಜಗತ್ತಿನ ಮೆಕ್ಯಾನಿಕ್‌ಗಳು ಕರೆಯುವ ಹೆಸರು ಬಿ.ಎಸ್.ಎ. ಥ್ರೆಡ್ ಅಂತಲೇ.

ಇಂಗ್ಲೆಂಡಿನವರೆಲ್ಲ ಒಗ್ಗಟ್ಟಾಗಿದ್ದರು ಅಂತ ತಿಳಿಯಬೇಡಿ. ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಂಪನಿ ತನ್ನದೇ ಬೇರೆ ಥ್ರೆಡ್ ಇಟ್ಟುಕೊಂಡಿತ್ತು. ಬೇರೆಯವರದು ಇಂಚಿಗೆ 24 ಎಳೆ ಆದರೆ ರ್‍ಯಾಲಿಯದು 26. ದಪ್ಪ ಹೆಚ್ಚುಕಡಿಮೆ ಒಂದೇ. ಎಳೆ ಬೇರೆ ಆದ್ದರಿಂದ ಹೊರಗಿನ ಸಾಮಾನು ಕೂರುತ್ತಿರಲಿಲ್ಲ, ರ್‍ಯಾಲಿಯ ಸಾಮಾನನ್ನೇ ತರಬೇಕಿತ್ತು.

ಫ್ರಾನ್ಸ್ ಮೆಟ್ರಿಕ್ ಅಳತೆ ಹುಟ್ಟಿದ ದೇಶ. ಅವರು ಸೈಕಲ್ಲನ್ನೂ ಮೆಟ್ರಿಕ್‌ನಲ್ಲೇ ಮಾಡಿದರು. ಪೆಡಲ್ 14 ಮಿ.ಮೀ., ಬಾಟಮ್ ಬ್ರ್ಯಾಕೆಟ್ 35 ಮಿ.ಮೀ., ಎಳೆಗೂ ಎಳೆಗೂ 1 ಮಿ.ಮೀ. ಲೆಕ್ಕ ಬಲು ಚೊಕ್ಕ. ಆದರೆ ಇವತ್ತು ಆ ಸಾಮಾನು ಹೊಸ ಸೈಕಲ್ಲಿನಲ್ಲಿ ಸಿಗಲ್ಲ. ಲೆಕ್ಕ ಚೊಕ್ಕವಾಗಿದ್ದ ಮಾತ್ರಕ್ಕೆ ಗೆಲ್ಲಲ್ಲ, ಅಕ್ಕಪಕ್ಕದವರ ಹತ್ತಿರವೂ ಅದೇ ಸಾಮಾನು ಇರಬೇಕು.

ಇದಕ್ಕೆ ಜಪಾನಿನ ಶಿಮಾನೊ ಕಂಪನಿಯ ಚೈನಿನ ಕಥೆಗಿಂತ ಒಳ್ಳೆ ಉದಾಹರಣೆ ಇಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಅವರು ರೇಸ್ ಸೈಕಲ್ಲಿಗೆ ಅರ್ಧ ಇಂಚಿನ ಬದಲು ಸರಿಯಾಗಿ 10 ಮಿ.ಮೀ. ಅಂತರದ ಚೈನು ಮಾಡಿದರು. ಚೈನ್ ವೀಲ್ ಚಿಕ್ಕದಾಗುತ್ತೆ, ತೂಕ ಕಡಿಮೆಯಾಗುತ್ತೆ. ಲೆಕ್ಕಕ್ಕೆ ಎಲ್ಲ ಲಾಭವೇ. ಆದರೆ ಆ ಚೈನು ಹಾಕಬೇಕಂದರೆ ಮುಂದಿನ ಚೈನ್ ವೀಲ್, ಹಿಂದಿನ ಹಲ್ಲು ಎಲ್ಲ ಬದಲಿಸಬೇಕು. ಜಗತ್ತಿನ ಎಲ್ಲ ಅಂಗಡಿಯಲ್ಲೂ ಇರೋದು ಅರ್ಧ ಇಂಚಿನದು. ಕೆಲವು ವರ್ಷಕ್ಕೇ ಅದು ನಿಂತುಹೋಯಿತು. ಇವತ್ತು ಹನ್ನೆರಡು ಗೇರಿನ ದುಬಾರಿ ಸೈಕಲ್ಲಿಗೂ, ನಮ್ಮ ಊರಿನ ಹಾಲಿನವನ ಸೈಕಲ್ಲಿಗೂ ಚೈನಿನ ಪಿನ್ನುಗಳ ಅಂತರ ಅದೇ ಅರ್ಧ ಇಂಚು. ಅಗಲ ಮಾತ್ರ ಬೇರೆ. ಗೇರಿಲ್ಲದ ಸೈಕಲ್ಲಿಗೆ 1/8 ಇಂಚು, ಗೇರ್ ಸೈಕಲ್ಲಿಗೆ 3/32 ಇಂಚು ಅಥವಾ ಇನ್ನೂ ಸಣ್ಣದು.

ನಮ್ಮ ದೇಶಕ್ಕೆ ಸೈಕಲ್ ಬಂದಿದ್ದು ಇಂಗ್ಲೆಂಡಿನಿಂದಲೇ. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಶುರುವಾಯಿತು, ಹರ್ಕ್ಯುಲಿಸ್ ಸೈಕಲ್ ಮಾಡಿತು. ಅಸನ್ಸೋಲಿನಲ್ಲಿ ಸೆನ್ ರ್‍ಯಾಲಿ, 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಅದೇ 1956ರಲ್ಲಿ ದೆಹಲಿಯಲ್ಲಿ ತೂಕ ಮತ್ತು ಅಳತೆಯ ಕಾನೂನು ಬಂತು. ಮುಂದಿನ ವರ್ಷ ಏಪ್ರಿಲ್ 1ರಿಂದ ನಯಾ ಪೈಸೆ. 1958ರಿಂದ ಹಂತಹಂತವಾಗಿ ಸೇರು ಹೋಗಿ ಕಿಲೋ, ಗಜ ಹೋಗಿ ಮೀಟರ್ ಬಂತು. ಬಟ್ಟೆ ಅಂಗಡಿ ಬದಲಾಯಿತು, ಪೆಟ್ರೋಲ್ ಬಂಕ್ ಬದಲಾಯಿತು. ಸೈಕಲ್ ಶಾಪಿಗೆ ಮಾತ್ರ ಆ ಕಾನೂನು ಪೂರ್ತಿ ತಲುಪಲೇ ಇಲ್ಲ. ಇವತ್ತಿಗೂ "ಇಪ್ಪತ್ತೆರಡು ಇಂಚಿನ ಸೈಕಲ್ಲಾ, ಇಪ್ಪತ್ನಾಲ್ಕಾ?" ಅಂತಲೇ ಕೇಳೋದು. ಅದು ಫ್ರೇಮಿನ ಅಳತೆ. ಚಕ್ರ ಎರಡಕ್ಕೂ 28 ಇಂಚೇ. ಹೊಸಬರು ಇದರಲ್ಲೇ ಮೊದಲು ಎಡವೋದು.

ಇನ್ನೊಂದು ಮಾತು. ಮಿಲಿಮೀಟರ್ ಅಂತ ಬರೆದಿದ್ದೆಲ್ಲ ಮೆಟ್ರಿಕ್ ಅಲ್ಲ. 1959ರಲ್ಲಿ ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳು ಕೂತು ಒಂದು ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಅಂತ ಒಪ್ಪಿಕೊಂಡವು. ಈ 25.4 ತಲೆಯಲ್ಲಿಟ್ಟುಕೊಂಡು ಸೈಕಲ್ ನೋಡಿ. ಹ್ಯಾಂಡಲ್ ನಡುವಿನ ದಪ್ಪ 25.4, ಅಂದರೆ ಒಂದು ಇಂಚು. ಹೊಸ ಸೈಕಲ್ಲಿನ ಹ್ಯಾಂಡಲ್ 31.8, ಅಂದರೆ ಒಂದೂಕಾಲು ಇಂಚು. ಫ್ರೇಮಿನ ಪೈಪು 28.6, ಅಂದರೆ 1 1/8 ಇಂಚು. ಸೀಟಿನ ರಾಡು 27.2 ಅಂದೆನಲ್ಲ, ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಪೈಪಿನ ಹೊರಗಡೆ 28.6. ಗೋಡೆಯ ದಪ್ಪ 0.6, ಎರಡೂ ಕಡೆ ಸೇರಿ 1.2. ಒಳಗೆ ಉಳಿದಿದ್ದು 27.4. ರಾಡು ಸಲೀಸಾಗಿ ಇಳಿಯೋಕೆ 0.2 ಬಿಟ್ಟರೆ 27.2. ಮೇಲೆ ಮಿಲಿಮೀಟರ್ ಅಂಗಿ, ಒಳಗೆ ಇಂಚಿನ ಬನಿಯನ್!

ಈಗ ಟಯರಿಗೆ ಬರೋಣ. ನಮ್ಮವರ ದುಡ್ಡು ಜಾಸ್ತಿ ಹಾಳಾಗೋದು ಇಲ್ಲೇ.

ನಮ್ಮ ಕ್ಯಾಂಪಿನಲ್ಲಿ ರಾಯಚೂರು ಕಡೆಯ ಒಬ್ಬ ತಮ್ಮ ಇದ್ದ. ಹಳೆ ಟಯರ್ ಸವೆದಿತ್ತು. ಅಂಗಡಿಗೆ ಹೋಗಿ "26 ಇಂಚಿನದು ಕೊಡಿ" ಅಂದ. ಕೊಟ್ಟರು. ತಂದು ಹಾಕಿದರೆ ಚಪ್ಪಲಿ ದೊಡ್ಡದಾದ ಹಾಗೆ ಸಡಿಲ, ಗಾಳಿ ತುಂಬಿದರೆ ರಿಮ್ಮಿನಿಂದ ಆಚೆ ಬರ್ತಿದೆ. ವಾಪಸ್ ಒಯ್ದರೆ "ನೀನು 26 ಕೇಳಿದೆ, ನಾನು 26 ಕೊಟ್ಟೆ, ಈಗ ಗಲೀಜಾಗಿದೆ, ವಾಪಸ್ ಇಲ್ಲ." ಇಬ್ಬರ ಮಾತೂ ಸುಳ್ಳಲ್ಲ. ರಿಮ್ಮಿನ ಮೇಲೆ 26, ಟಯರಿನ ಮೇಲೆ 26. ಆದರೂ ಕೂರಲಿಲ್ಲ.

ಯಾಕಂದ್ರೆ 26 ಇಂಚು ಅನ್ನೋ ಹೆಸರಲ್ಲಿ ಕಡಿಮೆ ಅಂದ್ರೂ ಐದು ಬೇರೆ ಬೇರೆ ರಿಮ್ ಇವೆ. ಟಯರಿನ ತಂತಿ ಕೂರುವ ಜಾಗದಲ್ಲಿ ರಿಮ್ಮಿನ ಅಡ್ಡಳತೆ ಹೇಳ್ತೀನಿ, ಬೇಕಾದವರು ಬರೆದುಕೊಳ್ಳಿ.

26 × 1 1/4 ಅಂತ ಬರೆದಿದ್ದರೆ 597 ಮಿ.ಮೀ.
26 × 1 3/8 ಆದರೆ 590 ಮಿ.ಮೀ.
26 × 1 1/2 ಆದರೆ 584 ಮಿ.ಮೀ.
26 × 1 3/4 ಆದರೆ 571 ಮಿ.ಮೀ.
26 × 1.75 ಅಂತ ಚುಕ್ಕೆ ಹಾಕಿ ಬರೆದಿದ್ದರೆ 559 ಮಿ.ಮೀ.

ಕೊನೆಯ ಎರಡನ್ನು ನೋಡಿ. ಒಂದು ಮುಕ್ಕಾಲು ಅಂದರೂ 1.75 ಅಂದರೂ ಶಾಲೆ ಮೇಷ್ಟ್ರ ಹತ್ತಿರ ಒಂದೇ. ಸೈಕಲ್ ಶಾಪಿನಲ್ಲಿ ಎರಡಕ್ಕೂ 12 ಮಿ.ಮೀ. ವ್ಯತ್ಯಾಸ. ಒಂದರ ಟಯರ್ ಇನ್ನೊಂದಕ್ಕೆ ಆಗೋದೇ ಇಲ್ಲ. ಭಿನ್ನರಾಶಿಯಲ್ಲಿ ಬರೆದ ಟಯರೂ ದಶಮಾಂಶದಲ್ಲಿ ಬರೆದ ಟಯರೂ ಲೆಕ್ಕಕ್ಕೆ ಸಮ ಅನಿಸಿದರೂ ಒಂದರ ಬದಲು ಒಂದು ಹಾಕಲು ಬರಲ್ಲ ಅಂತ ಶೆಲ್ಡನ್ ಬ್ರೌನ್ ಎಂಬ ಅಮೆರಿಕದ ಹೆಸರುವಾಸಿ ಸೈಕಲ್ ಮೆಕ್ಯಾನಿಕ್ ಒಂದು ನಿಯಮವನ್ನೇ ಮಾಡಿದ್ದರು. ಅವರು 2008ರಲ್ಲಿ ತೀರಿಕೊಂಡರು. ನಮ್ಮ ಹುಡುಗ ತಂದಿದ್ದು 1 3/8ರ ಟಯರ್, ಅವನ ರಿಮ್ಮು 559ರದು. 31 ಮಿ.ಮೀ. ದೊಡ್ಡದು. ಹೇಗೆ ಕೂರುತ್ತೆ?

ಹಾಗಾದರೆ ಎಲ್ಲಕ್ಕೂ 26 ಅಂತ ಯಾಕೆ ಹೆಸರಿಟ್ಟರು, ತಲೆಕೆಟ್ಟಿತ್ತಾ ಅಂತ ಕೇಳಬಹುದು. ಇಲ್ಲ, ಅದಕ್ಕೊಂದು ಕಾರಣ ಇದೆ. ಅವತ್ತು 26 ಇಂಚು ಅಂದರೆ ಗಾಳಿ ತುಂಬಿದ ಟಯರಿನ ಹೊರಗಿನ ಅಳತೆ. ನೀವೇ ಕೂಡಿ ನೋಡಿ. 26 ಇಂಚು ಅಂದರೆ 660 ಮಿ.ಮೀ. ಈಗ 1 3/8 ಇಂಚಿನ ಟಯರ್ ದಪ್ಪ ಸುಮಾರು 35 ಮಿ.ಮೀ. ಮೇಲೊಂದು, ಕೆಳಗೊಂದು ಸೇರಿ 70. ರಿಮ್ಮು 590. ಒಟ್ಟು 660. ಒಂದೂವರೆ ಇಂಚಿನದು 38 ಮಿ.ಮೀ., ಎರಡು ಸಲ 76, ರಿಮ್ಮು 584. ಮತ್ತೆ 660! ಟಯರ್ ದಪ್ಪ ಆದಷ್ಟೂ ರಿಮ್ಮು ಚಿಕ್ಕದು ಮಾಡಿದರು, ಹೊರಗಿನ ಅಳತೆ ಒಂದೇ ಇಟ್ಟರು. ನಮ್ಮ ಊರಿನ ದೊಡ್ಡ ಸೈಕಲ್ಲಿನ 28 × 1 1/2 ಕೂಡ ಹೀಗೇ. ರಿಮ್ಮು 635, ಟಯರ್ ಎರಡು ಸಲ 38.1, ಕೂಡಿದರೆ 711.2. ಇಪ್ಪತ್ತೆಂಟನ್ನು 25.4ರಿಂದ ಗುಣಿಸಿದರೂ 711.2. ಒಂದು ಕೂದಲೂ ಆಚೀಚೆ ಇಲ್ಲ.

ಅಂದರೆ ಹೆಸರಿಟ್ಟವರು ದಡ್ಡರಲ್ಲ. ಆಮೇಲೆ ಬಂದವರು ಅದೇ ರಿಮ್ಮಿಗೆ ಸಣ್ಣ ಟಯರು, ದಪ್ಪ ಟಯರು ಎಲ್ಲ ಹಾಕಿದರು. ಹೊರಗಿನ ಅಳತೆ ಬದಲಾಯಿತು, ಹೆಸರು ಬದಲಾಗಲಿಲ್ಲ. ಈಗ 26 ಅನ್ನೋದು ಅಳತೆ ಅಲ್ಲ, ಬರೀ ಹೆಸರು. ಬಿಳಿಯಪ್ಪ ಅಂತ ಹೆಸರಿದ್ದವನು ಬೆಳ್ಳಗೆ ಇರಲೇಬೇಕಂತ ಏನಿಲ್ಲವಲ್ಲ.

ಮೆಟ್ರಿಕ್‌ನವರು ಸತ್ಯವಂತರು ಅಂತಲೂ ಅನ್ನಬೇಡಿ. ರೇಸ್ ಸೈಕಲ್ಲಿನ ಟಯರ್ ಮೇಲೆ 700 ಸಿ ಅಂತ ಬರೆದಿರುತ್ತೆ. ಅದು ಫ್ರಾನ್ಸಿನವರ ಹೆಸರು, ಹೊರಗಿನ ಅಳತೆ 700 ಮಿ.ಮೀ. ಅಂತ. ರಿಮ್ಮು ಅಳೆದರೆ 622. ಈಗಿನ ತೆಳು ಟಯರ್ ಹಾಕಿದರೆ ಹೊರಗಡೆಯೂ 700 ಬರಲ್ಲ. ಅದೇ 622ರ ರಿಮ್ಮಿಗೆ ದಪ್ಪ ಟಯರ್ ಹಾಕಿ 29 ಇಂಚು ಅಂತ ಮಾರ್ತಾರೆ. ಅದೇ ರಿಮ್ಮಿಗೆ ಯುರೋಪಿನಲ್ಲಿ 28 ಇಂಚು ಅಂತಾರೆ. ಹಳೆಯ 27 × 1 1/4ರ ರಿಮ್ಮು 630. ಅಂದರೆ 27 ಇಂಚಿನ ರಿಮ್ಮು 29 ಇಂಚಿನದಕ್ಕಿಂತ ದೊಡ್ಡದು! ಇದನ್ನು ಊರಲ್ಲಿ ಹೇಳಿದರೆ ಗಲ್ಫಿಗೆ ಹೋಗಿ ಹುಚ್ಚು ಹಿಡಿದಿದೆ ಅಂತಾರೆ.

ಇದಕ್ಕೆ ಪರಿಹಾರ ಇದೆ, ಬಹಳ ಸುಲಭ. ಟಯರಿನ ಪಕ್ಕದಲ್ಲಿ ರಬ್ಬರಿನ ಮೇಲೆಯೇ ಉಬ್ಬಿದ ಅಕ್ಷರದಲ್ಲಿ ಎರಡು ಸಂಖ್ಯೆ ಇರುತ್ತೆ, ನಡುವೆ ಒಂದು ಅಡ್ಡಗೆರೆ. 37-590, 50-559, 40-635, ಹೀಗೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ಅಡ್ಡಳತೆ, ಎರಡೂ ಮಿಲಿಮೀಟರಿನಲ್ಲಿ. ಐ.ಎಸ್.ಒ. 5775 ಅಂತ ಅಂತರರಾಷ್ಟ್ರೀಯ ನಿಯಮ ಇದು. ಎರಡನೇ ಸಂಖ್ಯೆ ಹೊಂದಿದರೆ ಟಯರ್ ಕೂರುತ್ತೆ, ಹೊಂದದಿದ್ದರೆ ಕೂರಲ್ಲ. ಅಗಲ ಸ್ವಲ್ಪ ಹೆಚ್ಚುಕಡಿಮೆ ಆದರೆ ನಡೆಯುತ್ತೆ, ಎರಡನೆಯದು ಒಂದು ಮಿ.ಮೀ.ನೂ ಬದಲಾಗಬಾರದು. ಅಂಗಡಿಯವನು ಯಾವ ದೇಶದವನೇ ಆಗಲಿ, ಯಾವ ಭಾಷೆಯವನೇ ಆಗಲಿ, ಆ ಮೂರು ಅಂಕಿ ತೋರಿಸಿದರೆ ಜಗಳವೇ ಇಲ್ಲ.

ಟಯರ್ ತಪ್ಪಾದರೆ ದುಡ್ಡು ಹೋಗುತ್ತೆ. ಥ್ರೆಡ್ ತಪ್ಪಾದರೆ ಮೈ ಮೇಲೆ ಬರುತ್ತೆ. ಅದನ್ನು ಹೇಳಲೇಬೇಕು.

ನಮ್ಮ ರೂಮಿನ ಪಕ್ಕದ ರೂಮಿನಲ್ಲಿ ಒಬ್ಬ ಅಣ್ಣ ಇದ್ದರು, ಮೇಸ್ತ್ರಿ ಕೆಲಸ. ಹಳೆ ಕಾಲದ ದೊಡ್ಡ ಸೈಕಲ್ಲು, ಹಿಂದಿನ ಎಕ್ಸಲ್ 3/8 ಇಂಚು. ಒಂದು ನಟ್ಟು ಕಳೆದುಹೋಗಿತ್ತು. ಒಂದು ರಿಪೇರಿ ಅಂಗಡಿಯಲ್ಲಿ ಡಬ್ಬಿಯಿಂದ ಒಂದು ನಟ್ಟು ತೆಗೆದು ಹಾಕಿಕೊಟ್ಟರು. ಕೂತಿತು, ಬಿಗಿಯೂ ಆಯಿತು. ಆದರೆ ಅದು 10 ಮಿ.ಮೀ. ಎಕ್ಸಲ್ಲಿನ ನಟ್ಟು. 3/8 ಇಂಚು ಅಂದರೆ 9.5 ಮಿ.ಮೀ. ವ್ಯತ್ಯಾಸ ಅರ್ಧ ಮಿ.ಮೀ. ಮಾತ್ರ. ಎಳೆಯೂ ಹೆಚ್ಚುಕಡಿಮೆ ಹತ್ತಿರ. ಒಂದಕ್ಕೆ ಎಳೆಗೂ ಎಳೆಗೂ 1 ಮಿ.ಮೀ., ಇನ್ನೊಂದು ಇಂಚಿಗೆ 26, ಅಂದರೆ 0.98 ಮಿ.ಮೀ. ಅದಕ್ಕೇ ನಟ್ಟು ಹತ್ತುತ್ತೆ, ಬಿಗಿಯಾದ ಹಾಗೆ ಕಾಣುತ್ತೆ. ನಿಜವಾಗಿ ಹಿಡಿದಿರೋದು ಎಳೆಯ ತುದಿ ಮಾತ್ರ. ಎರಡು ದಿನ ಓಡಿತು. ಮೂರನೇ ದಿನ ಸರ್ವಿಸ್ ರೋಡಿನಲ್ಲಿ ಏರು ಹತ್ತುವಾಗ ಜೋರಾಗಿ ತುಳಿದರು. ನಟ್ಟು ಕಿತ್ತುಕೊಂಡಿತು, ಚೈನಿನ ಎಳೆತಕ್ಕೆ ಹಿಂದಿನ ಚಕ್ರ ಓರೆಯಾಗಿ ಫ್ರೇಮಿಗೆ ಕಚ್ಚಿಕೊಂಡಿತು. ಅಣ್ಣ ಬಿದ್ದರು. ಹಿಂದೆ ಬರ್ತಿದ್ದ ಪಿಕಪ್‌ನವನು ಬ್ರೇಕ್ ಹಾಕಿದ್ದಕ್ಕೆ ಇವತ್ತು ಅವರು ಊರಲ್ಲಿ ಮೊಮ್ಮಗನ ಜೊತೆ ಇದ್ದಾರೆ. ಮಣಿಕಟ್ಟಿಗೆ ಪಟ್ಟಿ, ಮೂರು ವಾರ ಓವರ್‌ಟೈಮ್ ಇಲ್ಲ, ಆ ತಿಂಗಳು ಊರಿಗೆ ಕಳಿಸಿದ್ದು ಅರ್ಧ. ಅಂಗಡಿಯವನು ಬೇಕಂತ ಮಾಡಿದ್ದಲ್ಲ. ಅವನ ಡಬ್ಬಿಯಲ್ಲಿ ಇಂಚಿನ ನಟ್ಟು, ಮಿಲಿಮೀಟರ್ ನಟ್ಟು ಎರಡೂ ಬೆರೆತಿದ್ದವು.

ಅರ್ಧ ಮಿಲಿಮೀಟರ್ ಅಂದರೆ ಎಷ್ಟು ಅಂತ ನಾನು ಹೊಸ ಹುಡುಗರಿಗೆ ಕೇಳಿದರೆ ಬೆರಳು ಚಿವುಟಿ ತೋರಿಸಿ ನಗ್ತಾರೆ. ಮೂರು ವಾರದ ಓವರ್‌ಟೈಮ್ ಅಂತ ನಾನು ಹೇಳ್ತೀನಿ.

ಈಗ ವೈರಿಗೆ ಬರ್ತೀನಿ ಅಂದಿದ್ದೆ. ಸೈಕಲ್ಲಿನ ಕಡ್ಡಿಗೆ 14 ಗೇಜ್ ಅಂತೀವಿ. ಬ್ರಿಟಿಷ್ ಗೇಜಿನ ಪಟ್ಟಿಯಲ್ಲಿ 14 ನಂಬರ್ ಅಂದರೆ 2.03 ಮಿ.ಮೀ. ಅಮೆರಿಕದ ವೈರ್ ಗೇಜಿನಲ್ಲಿ ಅದೇ 14 ನಂಬರ್ ಅಂದರೆ 1.63 ಮಿ.ಮೀ. ಒಂದೇ ನಂಬರು, ಎರಡು ದಪ್ಪ. ಅದರ ಮೇಲೆ ಗೇಜಿನಲ್ಲಿ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು. ಊರಿನ ಹಳೆ ವೈರ್‌ಮನ್‌ಗಳು ಇವತ್ತಿಗೂ 3/20, 7/20 ಅಂತಾರೆ. 20 ಗೇಜಿನ ಮೂರು ಎಳೆ, ಏಳು ಎಳೆ ಅಂತ ಅರ್ಥ. 3/20 ಅಂದರೆ ಸುಮಾರು 2 ಚದರ ಮಿ.ಮೀ., 7/20 ಅಂದರೆ ಸುಮಾರು 4.6. ಇಲ್ಲಿ ನಾವು ಎಳೆಯೋದು 1.5, 2.5, 4, 6. ಊರಿಗೆ ಹೋದಾಗ ಯಾರಾದರೂ "7/20 ಇತ್ತು, ಅದರ ಬದಲು 4 ಹಾಕು" ಅಂದರೆ ಹೆಸರು ನಂಬಿ ಹಾಕಬೇಡಿ, ಲೋಡ್ ಲೆಕ್ಕ ಮಾಡಿ. ಸೈಕಲ್ಲಾದರೆ ಬೀಳ್ತೀವಿ, ವೈರಾದರೆ ಮನೆ ಸುಡುತ್ತೆ.

ಎ.ಸಿ. ಕೆಲಸದವರಿಗೂ ಇದು ಗೊತ್ತು. ತಾಮ್ರದ ಪೈಪು ಕಾಲು ಇಂಚು, ಅರ್ಧ ಇಂಚು, ಎ.ಸಿ. ಗಾತ್ರ ಟನ್ನಿನಲ್ಲಿ, ಕರೆಂಟು ಮಾತ್ರ ವ್ಯಾಟಿನಲ್ಲಿ. ಕಾರಿನ ಟಯರ್ ಮೇಲೆ 195/65 ಆರ್ 15 ಅಂತ ಇದ್ದರೆ ಅಗಲ ಮಿ.ಮೀ., ರಿಮ್ಮು ಇಂಚು. ಟಿ.ವಿ. ಇಂಚು. ಊರಲ್ಲಿ ಸೈಟು ಮೂವತ್ತು ನಲವತ್ತು ಅಡಿ, ಹೊಲ ಎಕರೆ ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ, 1089 ಚದರ ಅಡಿ ಅಂತ ಗೊತ್ತಿಲ್ಲದೆ ಫೋನಿನಲ್ಲೇ ಜಮೀನು ಮಾತಾಡುವವರು ನಮ್ಮಲ್ಲಿದ್ದಾರೆ.

ಚಿನ್ನದ ಮಾತು ಬಂದರೆ ಎಲ್ಲರೂ ನೆಟ್ಟಗೆ ಕೂರ್ತೀರಿ. ಹಳೆಯ ಲೆಕ್ಕದಲ್ಲಿ ಒಂದು ತೊಲ ಅಂದರೆ 11.66 ಗ್ರಾಂ. ನಮ್ಮ ಉತ್ತರ ಕರ್ನಾಟಕದ ಕಡೆ ಎಷ್ಟೋ ಜನ 10 ಗ್ರಾಮನ್ನೇ ಒಂದು ತೊಲ ಅಂತಾರೆ. ತಂಗಿ ಮದುವೆಗೆ "ಐದು ತೊಲ" ಅಂತ ಮಾತು ಕೊಟ್ಟರೆ ಅದು 50 ಗ್ರಾಮಾ, 58 ಗ್ರಾಮಾ? ಎಂಟು ಗ್ರಾಂ ಚಿನ್ನ ಅಂದರೆ ನಮ್ಮಂಥವರಿಗೆ ಎಷ್ಟು ತಿಂಗಳ ಉಳಿತಾಯ ಅಂತ ನಾನು ಹೇಳಬೇಕಾಗಿಲ್ಲ. 26 ಇಂಚಿನ ಟಯರೂ ಐದು ತೊಲ ಚಿನ್ನವೂ ಒಂದೇ ಜಾತಿಯವು. ಹೆಸರು ಒಂದು, ಅಳತೆ ಎರಡು.

ಇಷ್ಟೆಲ್ಲ ಕೇಳಿ ಏನು ಮಾಡಬೇಕು ಅಂದರೆ, ನನ್ನ ಕೆಲಸದ ಪೆಟ್ಟಿಗೆಯಿಂದ ಐದು ಮಾತು ಹೇಳ್ತೀನಿ.

ಒಂದು. ಇವತ್ತು ರೂಮಿಗೆ ಹೋದ ಕೂಡಲೇ ನಿಮ್ಮ ಟಯರಿನ ಪಕ್ಕದ ಆ ಎರಡು ಸಂಖ್ಯೆಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಟಯರ್ ಸವೆದರೆ ಅಕ್ಷರವೂ ಅಳಿಸುತ್ತೆ, ಈಗಲೇ ತೆಗೆಯಿರಿ.

ಎರಡು. ಸಾಮಾನು ತರೋಕೆ ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಬಾಯಲ್ಲಿ ಹೇಳಿದ ಅಳತೆಗಿಂತ ಕೈಯಲ್ಲಿರುವ ನಟ್ಟು ಮೇಲು.

ಮೂರು. ಯಾವ ಥ್ರೆಡ್ಡೇ ಆಗಲಿ, ಮೊದಲು ಬೆರಳಲ್ಲಿ ಮೂರು ನಾಲ್ಕು ಸುತ್ತು ತಿರುಗಿಸಿ. ಸರಿಯಾದದ್ದು ಬೆರಳಲ್ಲೇ ಹೋಗುತ್ತೆ, ಅಲುಗಾಡಲ್ಲ. ಎರಡನೇ ಸುತ್ತಿಗೇ ಪಾನ ಬೇಕಾದರೆ ಅದು ತಪ್ಪು. ತಿರುಗಿಸುವಾಗ ಗಡಗಡ ಅಂತ ಸಡಿಲ ಇದ್ದರೂ ತಪ್ಪು. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ಡು ಅನ್ನೋದು ನೆನಪಿರಲಿ. ಅದನ್ನು ಬಿಗಿ ಮಾಡೋದು ಎಡಕ್ಕೆ.

ನಾಲ್ಕು. ರೂಮಿಗೊಂದು ಪ್ಲಾಸ್ಟಿಕ್ ವರ್ನಿಯರ್ ಇಟ್ಟುಕೊಳ್ಳಿ. ಎಲ್ಲರೂ ಸೇರಿ ಒಂದು ತಂದರೆ ತಲೆಗೆ ಎರಡು ದಿರ್ಹಂ ಕೂಡ ಬೀಳಲ್ಲ. 9.5 ಬಂದರೆ 3/8, 12.7 ಬಂದರೆ ಅರ್ಧ ಇಂಚು, 14.3 ಬಂದರೆ 9/16. ಈ ಮೂರು ಗೊತ್ತಿದ್ದರೆ ಸೈಕಲ್ಲಿನ ಅರ್ಧ ಕೆಲಸ ಮುಗಿಯಿತು.

ಐದು. ಇದು ಸೈಕಲ್ಲಿಗಷ್ಟೇ ಅಲ್ಲ, ಸೈಟಿಗೂ. ಸಂಖ್ಯೆ ಬರೆದರೆ ಪಕ್ಕದಲ್ಲಿ ಯಾವ ಅಳತೆ ಅಂತ ಬರೆಯಿರಿ. "20 ಕಾಂಡ್ಯೂಟ್", "14ರ ವೈರು", "40 ಗಾಳಿ" ಅಂತ ಮೆಸೇಜ್ ಹಾಕಬೇಡಿ. 40 ಪೌಂಡ್ ಗಾಳಿ ಅಂದರೆ ಮೂರು ಬಾರ್‌ಗೂ ಕಡಿಮೆ. ಫೋರ್‌ಮನ್ ಏನು ಹೇಳಿದರು ಅಂತ ಅರ್ಥವಾಗದಿದ್ದರೆ "ಸರ್, ಇಂಚಾ ಮಿಲಿಮೀಟರಾ?" ಅಂತ ಕೇಳಿ. ಕೇಳಿದವನು ಸಣ್ಣವನಾಗಲ್ಲ. ಕೇಳದೆ ಕೊರೆದ ತೂತು ಮುಚ್ಚೋಕಾಗಲ್ಲ.

ಇಂಚು ಒಳ್ಳೇದಾ, ಮಿಲಿಮೀಟರ್ ಒಳ್ಳೇದಾ ಅಂತ ನನ್ನನ್ನು ಕೇಳಿದರೆ, ಲೆಕ್ಕಕ್ಕೆ ಮಿಲಿಮೀಟರೇ ಸುಲಭ. 1 3/8ಕ್ಕೂ 1 1/2ಕ್ಕೂ ಎಷ್ಟು ವ್ಯತ್ಯಾಸ ಅಂತ ಕೇಳಿದರೆ ತಲೆ ಕೆರೆದುಕೊಳ್ಳಬೇಕು, 35ಕ್ಕೂ 38ಕ್ಕೂ ಅಂದರೆ ಮಗುವೂ ಹೇಳುತ್ತೆ. ಆದರೆ ಅರ್ಧ ಇಂಚಿನ ಚೈನು ಇವತ್ತು ನಾಳೆಯಲ್ಲಿ ಹೋಗಲ್ಲ, ಹೋಗಬೇಕಾಗಿಯೂ ಇಲ್ಲ. ಎಲ್ಲರ ಹತ್ತಿರವೂ ಒಂದೇ ಇದೆ, ಎಲ್ಲರಿಗೂ ಕೂರುತ್ತೆ. ಕಷ್ಟ ಇರೋದು ಇಂಚಿನಲ್ಲಲ್ಲ, ಒಂದೇ ಹೆಸರಿನ ಕೆಳಗೆ ಐದು ಅಳತೆ ಇಟ್ಟುಕೊಂಡು ಯಾವುದು ಅಂತ ಹೇಳದೇ ಇರೋದರಲ್ಲಿ.

ನಾವು ಐ.ಟಿ.ಐ. ಓದಿದವರು, ಡಿಗ್ರಿ ಓದಿದವರ ಮುಂದೆ ಸ್ವಲ್ಪ ಹಿಂದೆ ಕೂರ್ತೀವಿ. ಆದರೆ ಅಳತೆ ನಮ್ಮ ವಿದ್ಯೆ. ಡ್ರಾಯಿಂಗ್ ಬರೆದವರು ಆಫೀಸಿನಲ್ಲಿರುತ್ತಾರೆ, ತೂತು ಕೊರೆಯೋರು ನಾವು, ನಟ್ಟು ಬಿಗಿಯೋರು ನಾವು. ಕೊನೆಯ ಅರ್ಧ ಮಿಲಿಮೀಟರ್ ನಮ್ಮ ಕೈಯಲ್ಲೇ ಇರೋದು. ಹೊಸದಾಗಿ ಬಂದ ಹುಡುಗರಿಗೆ ಇದನ್ನು ಕನ್ನಡದಲ್ಲೇ ಹೇಳಿಕೊಡೋಣ. ರಜೆ ದಿನ ಸಂಜೆ ಒಂದು ಗಂಟೆ ಕ್ಯಾಂಪಿನ ಹಿಂದೆ ನಾನು ಸಿಗ್ತೀನಿ. ಸೈಕಲ್ ತನ್ನಿ, ವರ್ನಿಯರ್ ನಾನು ತರ್ತೀನಿ.